ಬಿಡು ಅಂದದ್ದು

ಅರಸೀಕೆರೆಯ ತರಬೇತಿ ಕೇಂದ್ರದಲ್ಲಿ ಮರಿಯಣ್ಣ ಮೇಷ್ಟ್ರು ಮೊದಲ ದಿನ ಕೇಳಿದ ಮೊದಲ ಪ್ರಶ್ನೆ, "ಕಂಡಕ್ಟರ್ ಅಂದ್ರೇನು?"

ಹಿಂದಿನ ಬೆಂಚಿನಲ್ಲಿ ಮೊಣಕಾಲು ತುರುಕಿಕೊಂಡು ಕೂತಿದ್ದ ದೇವೇಂದ್ರ ಎದ್ದು ನಿಂತ. "ನಾನೇ ಸಾರ್."

ಮೀಸೆ ಇನ್ನೂ ಚಿಗುರಲೋ ಬೇಡವೋ ಎನ್ನುತ್ತಿದ್ದ ಹುಡುಗರೆಲ್ಲ ನಕ್ಕರು. ದೇವೇಂದ್ರ ಸುಳ್ಳೇನೂ ಹೇಳಿರಲಿಲ್ಲ. ಅರಸೀಕೆರೆಯಿಂದ ಬಾಣಾವರ, ಜಾವಗಲ್ಲು, ಹಳೇಬೀಡು ದಾಟಿ ಬೇಲೂರಿಗೆ ಹೋಗುವ ಖಾಸಗಿ ಬಸ್ಸೊಂದರ ಹಿಂಬಾಗಿಲಲ್ಲಿ ಅವನು ಇಪ್ಪತ್ತು ವರ್ಷ ನಿಂತಿದ್ದವನು. ಯಜಮಾನರು ಬಸ್ಸು ಮಾರಿ ಕಲ್ಯಾಣಮಂಟಪ ಕಟ್ಟಿಸಿದರು. ಡ್ರೈವರನಿಗೆ ಟಿಪ್ಪರ್ ಸಿಕ್ಕಿತು. ಟಿಪ್ಪರಿಗೆ ಕಂಡಕ್ಟರ್ ಬೇಕಿಲ್ಲ.

"ಕೂತ್ಕಳಪ್ಪ ಹಳೇ ಕಂಡಕ್ಟ್ರು," ಎಂದರು ಮೇಷ್ಟ್ರು. ಅವರು ಲೈನ್‌ಮನ್ ಆಗಿ ನಿವೃತ್ತರಾದವರು. "ಕರೆಂಟ್ ಪಾಠದಾಗೆ ಕಂಡಕ್ಟರ್ ಅಂದ್ರೆ ತಾಮ್ರ. ಯಾವುದು ತನ್ನೊಳಗಿಂದ ಕರೆಂಟನ್ನ ಬಿಡ್ತದೋ ಅದು ಕಂಡಕ್ಟರ್. ಬಿಡದೇ ಹಿಡ್ಕಂಡು ಕೂರ್ತದಲ್ಲ, ಅದು ಇನ್ಸುಲೇಟರ್."

ಸಂಜೆ ಬಸ್ತಿಹಳ್ಳಿಯ ಮನೆಯಲ್ಲಿ ಇದನ್ನು ಹೇಳಿದಾಗ ಮಗಳು ದಿವ್ಯಶ್ರೀ ಮುದ್ದೆ ಮುರಿಯುವುದನ್ನು ನಿಲ್ಲಿಸಿ, ಅಜ್ಜನ ಕಡೆ ಕಣ್ಣು ಹಾಯಿಸಿ, "ಹಂಗಾದ್ರೆ ನಮ್ಮನೇಲೂ ಒಂದು ಇನ್ಸುಲೇಟರ್ ಐತೆ," ಎಂದಳು. ಬೇಲೂರಿನಲ್ಲಿ ಡಿಗ್ರಿ ಓದುವ ಹುಡುಗಿ. ಊರಿನ ಯಾರ ದನಿ ಬೇಕಾದರೂ ಅವಳ ಗಂಟಲಲ್ಲಿ ಬಾಡಿಗೆಗೆ ಸಿಗುತ್ತಿತ್ತು. ಅಪ್ಪನ ದನಿಯಂತೂ ಸ್ವಂತದ್ದೇ ಆಗಿತ್ತು. ಮೂಗಿನಿಂದ "ಜಾವಗಲ್ ಜಾವಗಲ್, ಹಳೇಬೀಡ್ ಹಳೇಬೀಡ್" ಎಂದು ಶುರುಮಾಡಿ, ಗೋಡೆಯನ್ನು ಎರಡು ಸಲ ತಟ್ಟಿ, "ರೈಟ್, ಬಿಡು ಬಿಡು" ಎಂದು ಮುಗಿಸುತ್ತಿದ್ದಳು.

ಬಿಡು ಎನ್ನುವುದು ದೇವೇಂದ್ರನ ಪದ. ಬಸ್ಸು ಹೊರಡಲಿ ಎನ್ನಲೂ ಬಿಡು, ಚಿಲ್ಲರೆ ಇಲ್ಲ ಎನ್ನುವ ಮುದುಕಿಗೂ ಬಿಡು, ಮನೆಯಲ್ಲಿ ಜಗಳ ಹತ್ತಿದಾಗಲೂ ಬಿಡು. ಅವನ ತಾಯಿ ಕೆಂಪಲಕ್ಷ್ಮಮ್ಮ, "ಇವ್ನು ಹಳೇಬೀಡಿನೋನಲ್ಲ, ಬರೀ ಬಿಡಿನೋನು," ಎನ್ನುತ್ತಿದ್ದಳು.

ತಂದೆ ಚಿಕ್ಕಬೀರಯ್ಯ ಆ ದಿನ ಸಾರಿನ ತಟ್ಟೆಯಿಂದ ತಲೆ ಎತ್ತದೆ ಕೇಳಿದ. "ಆ ಹೈಕಳ ಜೊತೆ ನೀನೂ ಬೆಂಚಿನ ಮ್ಯಾಲೆ ಕುಂತ್ಕಂಡಿದ್ದೇನ್ಲಾ?"

"ಊಂ."

"ತಲೆ ನರೆತ ಮ್ಯಾಲೆ ಸ್ಲೇಟು. ಇಪ್ಪತ್ತು ವರ್ಸ ಬಸ್ಸಿನ ಬಾಗ್ಲಾಗೆ ನೇತಾಡ್ದೆ, ಇನ್ನು ಕಂಬದ ಮ್ಯಾಲೆ ನೇತಾಡು. ನೇತಾಡದೇ ನಿನ್ನ ಹಣೇಲಿ ಬರ್ದೈತೆ."

"ಮಾವ, ಊಟದ ಹೊತ್ನಾಗೆ ಯಾಕೆ," ಎಂದಳು ದೇವೇಂದ್ರನ ಹೆಂಡತಿ ಭವ್ಯಾ. ವೈರಿಂಗ್ ತರಬೇತಿಗೆ ಸೇರಿಸಿದವಳು ಅವಳೇ. ಡೇರಿಗೆ ಹಾಲು ಹಾಕಿ ಬಂದದ್ದರಲ್ಲಿ ಶುಲ್ಕ ಕಟ್ಟಿದ್ದಳು.

"ಬಿಡು," ಎಂದ ದೇವೇಂದ್ರ ಅವಳಿಗೆ.

"ಬಸ್ಸು ಹೋದ್ರೇನಂತೆ," ಎಂದು ದಿವ್ಯಶ್ರೀ ಸೌಟು ಎತ್ತಿದಳು, "ಬಸ್ಸಾರು ಐತಲ್ಲ. ಯಾರಿಗೆ ಬೇಕು?"

ಎಲ್ಲರೂ ನಕ್ಕರು. ಚಿಕ್ಕಬೀರಯ್ಯ ಮಾತ್ರ ಕೈ ತೊಳೆದುಕೊಂಡು ಎದ್ದ.

*

ಮೇಷ್ಟ್ರು ಪುಸ್ತಕಕ್ಕಿಂತ ಹೆಚ್ಚು ಹೇಳಿಕೊಟ್ಟದ್ದು ಒಂದೇ ಪಾಠ. "ಕೆಲ್ಸಕ್ಕೆ ಕೈ ಹಾಕೋ ಮುಂಚೆ ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕಳಿ. ಬಾಯಿ ಮಾತು ನಂಬಬ್ಯಾಡಿ. ನಿಮ್ಮವ್ವನೇ ಸ್ವಿಚ್ಚಿನ ಹತ್ರ ನಿಂತಿರ್ಲಿ, ಫ್ಯೂಸ್ ಜೇಬಲ್ಲಿರ್ಲಿ. ಫ್ಯೂಸ್ ಜೇಬಲ್ಲಿದ್ರೆ ಜೀವಾನೂ ಜೇಬಲ್ಲಿರ್ತದೆ."

ದೇವೇಂದ್ರನಿಗೆ ಈ ಪಾಠ ಹಿಡಿಸಿತು. ಒಂದು ಬೆಳಿಗ್ಗೆ ಅಡುಗೆಮನೆಯ ಸ್ವಿಚ್ಚನ್ನು ಹೊಸದು ಮಾಡಿದ. ಮೊದಲು ಫ್ಯೂಸ್ ಕಿತ್ತ, ಜೇಬಿಗೆ ಹಾಕಿದ. ಕೆಲಸ ಮುಗಿಯಿತು. ಅಷ್ಟರಲ್ಲಿ ಅರಸೀಕೆರೆ ಬಸ್ಸಿನ ಹಾರನ್ ಕೇಳಿತು. ಇಪ್ಪತ್ತು ವರ್ಷದ ಅಭ್ಯಾಸ, ಹಾರನ್ ಕೇಳಿದರೆ ಕಾಲು ತಾನೇ ಓಡುತ್ತದೆ. ಓಡಿ ಹತ್ತಿದ. ಜಾವಗಲ್ಲು ದಾಟಿದ ಮೇಲೆ ಟಿಕೆಟ್ಟಿಗೆ ದುಡ್ಡು ತೆಗೆಯಲು ಜೇಬಿಗೆ ಕೈ ಹಾಕಿದರೆ ಫ್ಯೂಸು. ಮನೆಯ ಕರೆಂಟೆಲ್ಲ ಅವನ ಜೇಬಿನಲ್ಲಿ ಅರಸೀಕೆರೆಗೆ ಹೊರಟಿತ್ತು.

ಸಂಜೆ ಬಂದಾಗ ಚಿಕ್ಕಬೀರಯ್ಯ ಜಗುಲಿಯಲ್ಲೇ ಕೂತಿದ್ದ.

"ಕೊಡ್ಲಾ ಇಲ್ಲಿ. ಏನು ಕಿತ್ಕಂಡು ಹೋಗಿದ್ದೆ?"

ದೇವೇಂದ್ರ ಫ್ಯೂಸ್ ಕೊಟ್ಟ. "ಮರ್ತು ಹೋಯ್ತಪ್ಪ."

"ಮರ್ತಿದ್ದು ಆಮೇಲೆ. ಕಿತ್ತಿದ್ಯಾಕೆ? ನಾನು ಮನೇಲೇ ಇದ್ನಲ್ಲ. ಅಪ್ಪಾ, ಸ್ವಿಚ್ಚಿನ ತಾವ ನಿಂತ್ಕ ಅಂದಿದ್ರೆ ನಿಲ್ತಿರಲಿಲ್ವಾ?"

"ಮೇಷ್ಟ್ರು ಹಂಗೆ ಹೇಳ್ಕೊಟ್ಟವ್ರೆ. ಯಾರ್ನೂ ನಂಬಬಾರ್ದು ಅಂತ."

"ಯಾರ್ನೂ ಅಂದ್ರೆ? ಅಪ್ಪನ್ನೂವಾ?"

"ಅಜ್ಜ, ಅದು ಪಾಠ," ಎಂದಳು ದಿವ್ಯಶ್ರೀ.

"ತೋಟದ ಬಾವಿಗೆ ಮೋಟ್ರು, ಸ್ಟಾಟರು ಹಾಕಿದಾಗಿಂದ ಅದ್ರ ತಾವ ನಿಂತಿರೋನು ನಾನು. ಒಂದು ದಿನ ಯಾರಿಗೂ ಏನೂ ಆಗಿಲ್ಲ. ಈಗ ಮಗ ಬಂದು ಪೀಸು ಕಿತ್ತು ಜೇಬಿಗೆ ಹಾಕ್ಕತಾನೆ, ಕಳ್ಳನ ಮುಂದೆ ಬೀಗದ ಕೈ ಹಾಕ್ಕಂಡಂಗೆ. ಕೆಂಪಿ, ಕೇಳಿಸ್ತೇನೆ? ನಿನ್ನ ಮಗ ನನ್ನ ನಂಬಲ್ವಂತೆ."

"ಕೇಳಿಸ್ತು," ಎಂದಳು ಕೆಂಪಲಕ್ಷ್ಮಮ್ಮ ಒಳಗಿನಿಂದ. "ಮೊದ್ಲು ಅದನ್ನ ಹಾಕಿ. ಬೆಳಿಗ್ಗೆಯಿಂದ ಮಿಕ್ಸಿ ಇಲ್ದೆ ಒಳಕಲ್ಲಾಗೆ ರುಬ್ಬಿ ರುಬ್ಬಿ ನನ್ನ ತೋಳು ಬಿದ್ದೋಗೈತೆ."

*

ತರಬೇತಿ ಮುಗಿಯುತ್ತ ಬಂದಿತ್ತು. ಮಾದಿಹಳ್ಳಿಯಲ್ಲಿ ಭವ್ಯಾಳ ಸೋದರಮಾವ ಕೆಂಚಪ್ಪ ಮನೆ ಕಟ್ಟಿಸುತ್ತಿದ್ದ. ವೈರಿಂಗ್ ಕೆಲಸವನ್ನು ದೇವೇಂದ್ರನಿಗೇ ಕೊಡುವಂತೆ ಭವ್ಯಾ ತವರಿಗೆ ಹೋಗಿ ಮಾತಾಡಿ ಬಂದಿದ್ದಳು. ಮೊದಲನೆಯ ಕೆಲಸ. ಹೊಸ ಮನೆಗೆ ಊರೆಲ್ಲ ಬರುತ್ತದೆ, ಯಾರು ಮಾಡಿದ್ದು ಎಂದು ಕೇಳುತ್ತದೆ, ಒಂದು ಮನೆಯಿಂದ ನಾಲ್ಕು ಮನೆ ಸಿಗುತ್ತದೆ. ಅವಳ ಲೆಕ್ಕ ಅಷ್ಟೇ ಇತ್ತು, ತಪ್ಪೇನೂ ಇರಲಿಲ್ಲ.

ಮಾತು ಮುಗಿಸಲು ಕೆಂಚಪ್ಪ ಒಂದು ಭಾನುವಾರ ಕುಂಬಳಕಾಯಿ ಹೊತ್ತುಕೊಂಡು ಬಂದ. ಭವ್ಯಾ ಕೋಳಿ ಸಾರು ಮಾಡಿದಳು. ದೇವೇಂದ್ರ ಇಸ್ತ್ರಿ ಅಂಗಿ ಹಾಕಿಕೊಂಡು, ಎಲ್ಲೆಲ್ಲಿ ಪಾಯಿಂಟು ಬರಬೇಕು ಎಂದು ನೆಲದ ಮೇಲೆ ಬೆರಳಿನಿಂದ ಗೀಚಿ ತೋರಿಸಿದ. ಕೆಂಚಪ್ಪ ಹೂಂ ಹೂಂ ಎಂದ. ಎಲ್ಲ ಸರಿಹೋಗಿತ್ತು.

ಎರಡನೇ ಮುದ್ದೆಗೆ ಚಿಕ್ಕಬೀರಯ್ಯ ಬಾಯಿ ತೆರೆದ. "ಕೆಂಚಪ್ಪ, ನಂಟಸ್ತನ ಬ್ಯಾರೆ, ಮನೆ ಬ್ಯಾರೆ. ಬಸ್ಸಾದ್ರೆ ಕೆಟ್ಟು ನಿಂತಾಗ ಎಲ್ರೂ ಇಳ್ದು ತಳ್ಬೋದು. ನಮ್ಮ ದೇವ ಅದ್ರಾಗೆ ಗಟ್ಟಿಗ. ಮನೆ ಹತ್ಕಂಡ್ರೆ ಎಲ್ಲಿಗ್ ತಳ್ತೀಯ?"

ಕೆಂಚಪ್ಪ ಮೊದಲು ನಕ್ಕ. ಕೆಂಪಲಕ್ಷ್ಮಮ್ಮನೂ ನಕ್ಕಳು. ದಿವ್ಯಶ್ರೀಗೆ ತಡೆಯಲಾಗಲಿಲ್ಲ, ಬಾಯಲ್ಲಿದ್ದ ನೀರು ಚಿಮ್ಮಿತು. ಮಾತು ಅಷ್ಟು ಚೆನ್ನಾಗಿತ್ತು. ಚಿಕ್ಕಬೀರಯ್ಯನೂ ತನ್ನ ಮಾತಿಗೆ ತಾನೇ ಖುಷಿಪಟ್ಟು ಇನ್ನೊಂದು ತುಂಡು ಹಾಕಿಸಿಕೊಂಡ.

ಮಾರನೇ ದಿನ ಕೆಂಚಪ್ಪನ ಫೋನು ಬಂತು. ಬೇಲೂರಿನವನೊಬ್ಬನಿಗೆ ಒಪ್ಪಿಸಿದೆನೆಂದೂ, ಹೆಂಡತಿಗೆ ಯಾಕೋ ಅಳುಕೆಂದೂ, ತಪ್ಪು ತಿಳಿಯಬಾರದೆಂದೂ ಹೇಳಿದ.

"ಹೋಗಿ ಕೇಳ್ರಿ ನಿಮ್ಮಪ್ಪನ್ನ," ಎಂದಳು ಭವ್ಯಾ. ಹಾಲಿನ ಕ್ಯಾನು ಅವಳ ಕೈಯಲ್ಲೇ ಇತ್ತು. "ಇವತ್ತಾದ್ರೂ ಬಾಯಿ ಬಿಟ್ಟು ಕೇಳ್ರಿ. ನಿಮ್ಮ ಬಾಯಾಗೆ ಬಿಡು ಅನ್ನೋದು ಬಿಟ್ರೆ ಬ್ಯಾರೆ ಏನೂ ಇಲ್ವಾ?"

ದೇವೇಂದ್ರ ಅವತ್ತು ಬಿಡು ಎನ್ನಲಿಲ್ಲ. ಅಪ್ಪನನ್ನು ಕೇಳಲೂ ಇಲ್ಲ. ಅಪ್ಪನೊಂದಿಗೆ ಮಾತು ನಿಲ್ಲಿಸಿದ, ಅಷ್ಟೆ.

*

ಮನೆಯಲ್ಲಿ ಊಟ ಎರಡು ಪಂಕ್ತಿಯಾಯಿತು. ಚಿಕ್ಕಬೀರಯ್ಯ ಉಂಡು ಎದ್ದ ಮೇಲೆ ದೇವೇಂದ್ರ ಕೂರುವನು. ಮುದ್ದೆ ಆರುತ್ತದೆಂದು ಕೆಂಪಲಕ್ಷ್ಮಮ್ಮ ಗೊಣಗಿದಳು, ಎರಡು ಸಲ ಸಾರು ಬಿಸಿ ಮಾಡಲಾರೆನೆಂದು ಭವ್ಯಾ ಸೌಟು ಕುಕ್ಕಿದಳು. ಅಪ್ಪ ಮಗನ ನಡುವಿನ ಮಾತೆಲ್ಲ ಮುದುಕಿಯ ಮೂಲಕವೇ ಓಡಾಡತೊಡಗಿತು.

"ಕೆಂಪಿ, ಅವ್ನಿಗೆ ಹೇಳು, ಹಸುಗೆ ಹುಲ್ಲಿಲ್ಲ ಅಂತ."

"ಅವ್ವಾ, ತಂದು ಹಾಕಾಯ್ತು ಅಂತ ಹೇಳು."

"ಇಬ್ರಿಗೂ ಕಿವಿ ಐತೆ, ನಾನ್ಯಾಕೆ ಹೇಳ್ಲಿ," ಎನ್ನುತ್ತಲೇ ಅವಳು ಹೇಳುತ್ತಿದ್ದಳು.

"ಅಜ್ಜಿ ನಮ್ಮನೆ ನ್ಯೂಟ್ರಲ್ ವೈರು," ಎಂದಳು ದಿವ್ಯಶ್ರೀ. "ಕರೆಂಟೆಲ್ಲ ಅವಳ ಮೇಲೇ ವಾಪಸ್ ಹೋಗ್ತದೆ." ಯಾರೂ ನಗಲಿಲ್ಲ. ಅವತ್ತು ನೀರು ಚಿಮ್ಮಿಸಿ ನಕ್ಕಿದ್ದಕ್ಕೆ ಅಮ್ಮ ಅವಳ ಮೇಲೂ ಮುನಿಸಿಕೊಂಡಿದ್ದಳು.

ಹೀಗೆ ವಾರಗಳು ಹೋದವು. ತೋಟದ ಬಾವಿಯ ಮೋಟಾರು ಕಿರ್ರೆನ್ನಲು ಶುರುಮಾಡಿತು. ಚಿಕ್ಕಬೀರಯ್ಯ ಹಳೇಬೀಡಿನ ಮೆಕ್ಯಾನಿಕ್ಕನ್ನು ಕರೆಯಬಹುದಿತ್ತು, ಯಾವಾಗಲೂ ಅವನನ್ನೇ ಕರೆಯುತ್ತಿದ್ದುದು. ಈ ಸಲ ಕರೆಯಲಿಲ್ಲ. ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಬೆಳಿಗ್ಗೆ ಹೆಂಡತಿಯ ಕಡೆ ತಿರುಗದೆ, ಮಗನ ಕಡೆಯೂ ತಿರುಗದೆ, ಕಂಬಕ್ಕೆ ಹೇಳಿದಂತೆ ಹೇಳಿದ. "ಮೋಟ್ರು ಯಾಕೋ ಕೂಗ್ಕತಾ ಐತೆ. ಯಾರಾದ್ರೂ ನೋಡಿದ್ರೆ ಆಯ್ತಿತ್ತು."

ದೇವೇಂದ್ರ ಟೂಲ್ ಚೀಲ ಹೆಗಲಿಗೆ ಹಾಕಿಕೊಂಡ. ಭವ್ಯಾ ಹಟ್ಟಿಯಿಂದ ಇಬ್ಬರೂ ಒಟ್ಟಿಗೆ ಹೋಗುವುದನ್ನು ನೋಡಿ, ಅತ್ತೆಗೆ ಕಣ್ಣಲ್ಲೇ ತೋರಿಸಿದಳು.

"ಇವತ್ತು ಒಂದೇ ಪಂಕ್ತಿಗೆ ಮುದ್ದೆ ತಿರುವು," ಎಂದಳು ಕೆಂಪಲಕ್ಷ್ಮಮ್ಮ.

*

ಹಳೆಯ ಕಲ್ಲು ಬಾವಿ. ಅರ್ಧ ಆಳದಲ್ಲಿ ಒಂದು ಕಟ್ಟೆ, ಕಟ್ಟೆಯ ಮೇಲೆ ಮೋಟಾರು. ಸ್ಟಾರ್ಟರ್ ಮೇಲೆ, ತೆಂಗಿನ ಮರದ ಬದಿಯ ಶೆಡ್ಡಿನಲ್ಲಿ. ಕೆಳಗೆ ಇಳಿದವರಿಗೆ ಮೇಲಿನವರು ಕಾಣುವುದಿಲ್ಲ. ಮಾತು ಮಾತ್ರ ಬಾವಿಯ ಗೋಡೆಗೆ ಬಡಿದು ಹೋಗಿ ಬರುತ್ತದೆ.

ಇಳಿಯುವ ಮೊದಲು ದೇವೇಂದ್ರ ಶೆಡ್ಡಿಗೆ ಹೋಗಿ ಫ್ಯೂಸಿನ ಮೇಲೆ ಕೈ ಇಟ್ಟ. ಚಿಕ್ಕಬೀರಯ್ಯ ನೋಡುತ್ತ ನಿಂತಿದ್ದ. ದೇವೇಂದ್ರ ಕೈ ತೆಗೆದ.

"ಯಾಕ್ಲಾ, ಕಿತ್ಕಳಲ್ವಾ?"

"ನೀನಿದ್ಯಲ್ಲ."

ಚಿಕ್ಕಬೀರಯ್ಯ ಹೆಗಲ ಟವಲು ತೆಗೆದು ಸ್ಟಾರ್ಟರಿನ ಡಬ್ಬವನ್ನು ಒರೆಸಿದ. ಧೂಳೇನೂ ಇರಲಿಲ್ಲ.

ಕೆಳಗಿನಿಂದ ದೇವೇಂದ್ರ ಕೂಗಿದ. "ಅಪ್ಪಾ, ಬಿಡು." ಮೋಟಾರು ಕಿರುಚಿತು. "ನಿಲ್ಸು." ನಿಂತಿತು. ಇನ್ನೊಂದು ಸಲ ಬಿಡು ಎಂದು ಕಿವಿ ಕೊಟ್ಟು ಕೇಳಿ, ನಿಲ್ಲಿಸಲು ಹೇಳಿ, ಹಿಂಬದಿಯ ಫ್ಯಾನಿನ ಮುಚ್ಚಳ ಬಿಚ್ಚಿದ. ಒಳಗೆ ಅಳಿಲು ತೆಂಗಿನ ನಾರು ತುಂಬಿ ಗೂಡು ಕಟ್ಟಿತ್ತು. ರೆಕ್ಕೆಗಳ ಸಂದಿಗೆ ಬೆರಳು ಹಾಕಿ ನಾರು ಎಳೆಯತೊಡಗಿದ.

"ಸಿಕ್ತೇನ್ಲಾ?"

"ಸಿಕ್ತು. ವಸಿ ತಾಳು."

ಆಮೇಲೆ ಚಿಕ್ಕಬೀರಯ್ಯನ ದನಿ ಬಂತು, ಕೂಗುವ ದನಿಯಲ್ಲ.

"ದೇವಾ."

"ಊಂ."

"ಅವತ್ತು ಕೆಂಚಪ್ಪನ ಮುಂದೆ ನಾನು ಹಂಗನ್ಬಾರ್ದಿತ್ತು ಕಣ್ಲಾ. ನಗಾಟಕ್ಕೆ ಅಂದೆ. ತಪ್ಪಾಯ್ತು."

ದೇವೇಂದ್ರನ ಕೈ ಇದ್ದಲ್ಲೇ ನಿಂತಿತು. ಅಪ್ಪನ ಬಾಯಿಂದ ಈ ಮಾತನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ತಲೆ ಎತ್ತಿ ನೋಡಿದ. ಬಾವಿಯ ಬಾಯಿಯಷ್ಟಗಲದ ಆಕಾಶ ಬಿಟ್ಟು ಏನೂ ಕಾಣಲಿಲ್ಲ. ಅದನ್ನೆಲ್ಲ ಇನ್ನು ಯಾಕೆ ಎನ್ನಲು ಹೋದ. ಕೊನೆಗೆ ಹೊರಬಂದದ್ದು ಬಾಯಿಗೆ ರೂಢಿಯಾಗಿದ್ದ ಒಂದೇ ಮಾತು.

"ಬಿಡಪ್ಪಾ."

ಚಿಕ್ಕಬೀರಯ್ಯ ಆಡಬಾರದ್ದನ್ನು ಆಡಿದವನಂತೆ ಮುಜುಗರಪಟ್ಟುಕೊಂಡು ನಿಂತಿದ್ದ. ಮಾಡಲು ಒಂದು ಕೆಲಸ ಸಿಕ್ಕಿತಲ್ಲ ಎಂದು ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದ.

*

ಹಾಸನದ ಆಸ್ಪತ್ರೆಯಲ್ಲಿ ಬಲಗೈಯ ತೋರುಬೆರಳು, ನಡುಬೆರಳು ಎರಡನ್ನೂ ತೆಗೆದರು. ನೋಡಲು ಬಂದವರಿಗೆಲ್ಲ ಚಿಕ್ಕಬೀರಯ್ಯ ವಾರ್ಡಿನ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದ. "ಅವ್ನೇ ಬಿಡು ಅಂದ, ಬಿಟ್ಟೆ. ಅವ್ನು ಅನ್ನದೆ ನಾನು ಗುಂಡಿ ಮುಟ್ಟೋನಲ್ಲ." ಸುಳ್ಳಲ್ಲ. ಕೇಳಿದವರು ದೇವೇಂದ್ರನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಕೈ ಒಳಗಿಟ್ಟುಕೊಂಡು ಮೋಟಾರು ಬಿಡು ಅಂದ ಎಲೆಕ್ಟ್ರಿಷಿಯನ್ ಎಂಬ ಸುದ್ದಿ ಅವನಿಗಿಂತ ಮೊದಲು ಬಸ್ತಿಹಳ್ಳಿ ತಲುಪಿತು, ಮಾದಿಹಳ್ಳಿಗೂ ಹೋಯಿತು. ಆರು ತಿಂಗಳು ಓದಿ ಕಲಿತದ್ದು ಇದಾ ಎಂದು ಡೇರಿಯ ಮುಂದೆ ಆಡಿಕೊಂಡರು.

ಮರಿಯಣ್ಣ ಮೇಷ್ಟ್ರು ಫೋನು ಮಾಡಿದರು. "ಫ್ಯೂಸ್ ಎಲ್ಲಿತ್ತಪ್ಪ?"

"ಸ್ಟಾರ್ಟರಲ್ಲೇ ಸಾರ್."

"ಪರೀಕ್ಷೆ ಮುಂದಿನ ಸಲ ಕಟ್ಟು," ಎಂದು ಮೇಷ್ಟ್ರು ಫೋನು ಇಟ್ಟರು. ಮುಂದಿನ ಸಲ ಎಂದರೇನೆಂದು ಇಬ್ಬರಿಗೂ ಗೊತ್ತಿತ್ತು. ಆ ಎರಡು ಬೆರಳಿಲ್ಲದೆ ಸ್ಕ್ರೂಡ್ರೈವರ್ ನಿಲ್ಲುವುದಿಲ್ಲ.

ವಾರ್ಡಿನಲ್ಲಿ ಯಾರೂ ಇಲ್ಲದಾಗ ಭವ್ಯಾ ಇಡ್ಲಿ ಮುರಿದು ಬಾಯಿಗಿಡುತ್ತ ಕೇಳಿದಳು. "ಕೈ ಒಳಗಿತ್ತಲ್ಲ. ಯಾಕಂದ್ರಿ ಬಿಡು ಅಂತ?"

"ಮೋಟ್ರು ಬಿಡು ಅಂದಿದ್ದಲ್ಲ ಕಣೇ." ಅವನು ಹೇಳಿದ. ಅಪ್ಪ ಮೇಲಿನಿಂದ ಅಂದದ್ದು, ತಾನು ಕೆಳಗಿನಿಂದ ಅಂದದ್ದು.

ಭವ್ಯಾಳ ಕೈಯಲ್ಲಿ ಇಡ್ಲಿ ಹಾಗೇ ನಿಂತಿತು. "ಮತ್ತೆ ಹೇಳ್ರಿ ಎಲ್ರಿಗೂ. ಮಾವನೇ ತಪ್ಪು ತಿಳ್ಕಂಡಿದ್ದು ಅಂತ. ಊರೋರೆಲ್ಲ ನಿಮ್ಮನ್ನ ದಡ್ಡ ಅಂತಾವ್ರೆ."

"ಹೇಳಿದ್ರೆ ಅಪ್ಪಂಗೆ ಏನು ಗೊತ್ತಾಯ್ತದೆ? ಜೀವಮಾನದಾಗೆ ಒಂದೇ ಸಲ ತಪ್ಪಾಯ್ತು ಅಂದೋನು. ಅಂದಿದ್ದಕ್ಕೇ ಮಗನ ಬೆರಳು ಹೋಯ್ತು ಅಂತ ಗೊತ್ತಾಯ್ತದೆ. ಉಂಡಾನಾ ಆಮೇಲೆ?"

"ನಿಮ್ಮ ಮರ್ಯಾದೆ?"

ಅವನು ಕಿಟಕಿ ಕಡೆ ಮುಖ ಮಾಡಿದ. ಉಳಿದ ಇಡ್ಲಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಮುಚ್ಚಳ ಸರಿಯಾಗಿ ಕೂರದೆ ಮತ್ತೆ ಮತ್ತೆ ಒತ್ತಿದಳು.

*

ಮನೆಯಲ್ಲಿ ಆ ಪದ ನಿಂತುಹೋಯಿತು. ಹೀಗೆಂದು ಯಾರೂ ಮಾತಾಡಿಕೊಂಡಿರಲಿಲ್ಲ. ನಲ್ಲಿ ಬಿಡು ಎನ್ನುವ ಕಡೆ ಕೆಂಪಲಕ್ಷ್ಮಮ್ಮ ನಲ್ಲಿ ತಿರುಗ್ಸು ಎಂದಳು. ಕರುವನ್ನು ಬಿಡು ಎನ್ನುವ ಕಡೆ ಭವ್ಯಾ ಹಗ್ಗ ಬಿಚ್ಚು ಎಂದಳು. ದಿವ್ಯಶ್ರೀ ಒಂದು ದಿನ ಪಾತ್ರೆ ತೊಳೆಯುತ್ತ ಮರೆತು "ಜಾವಗಲ್ ಜಾವಗಲ್, ಹಳೇಬೀಡ್ ಹಳೇಬೀಡ್" ಎಂದವಳು ಅಲ್ಲಿಗೇ ಬಾಯಿ ಮುಚ್ಚಿಕೊಂಡಳು. ಅಂಗಳದಲ್ಲಿ ಕೂತಿದ್ದ ದೇವೇಂದ್ರ, "ರೈಟ್ ಅನ್ನು ಮಗ," ಎಂದ. ಅವಳು ಅನ್ನಲಿಲ್ಲ.

ಟೂಲ್ ಚೀಲ ಅಟ್ಟಕ್ಕೆ ಹೋಯಿತು. ದೇವೇಂದ್ರ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹೊರುತ್ತಿದ್ದ. ಎಡಗೈಗೆ ಕ್ಯಾನು ಒಗ್ಗಿತ್ತು.

ಕೆಂಚಪ್ಪನ ಮನೆಯ ಗೃಹಪ್ರವೇಶಕ್ಕೆ ಚಿಕ್ಕಬೀರಯ್ಯ ಒಬ್ಬನೇ ಹೋಗಿ ಬಂದ. ಆ ದಿನ ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತರು. ಈಗ ಒಂದೇ ಪಂಕ್ತಿ. ದೇವೇಂದ್ರನ ತಟ್ಟೆಗೆ ಕೆಂಪಲಕ್ಷ್ಮಮ್ಮ ಮುದ್ದೆಯನ್ನು ಗೋಲಿಗಾತ್ರ ಮುರಿದು ಹಾಕಿದಳು. ಉಳಿದ ಮೂರು ಬೆರಳಿನಲ್ಲಿ ಅವನು ಒಂದೊಂದನ್ನೇ ಸಾರಿಗೆ ಅದ್ದುತ್ತಿದ್ದ. ಚಿಕ್ಕಬೀರಯ್ಯ ಅತ್ತ ನೋಡದೆ ಉಣ್ಣುವುದನ್ನು ರೂಢಿ ಮಾಡಿಕೊಂಡಿದ್ದ. ಇವತ್ತು ನೋಡಿದ.

"ಲೈಟು ಚಂದಾಗ್ ಹಾಕವ್ನೆ ಆ ಬೇಲೂರೋನು," ಎಂದ. "ಚಂದ ಅಂದ್ರೆ, ಒಂದು ಸ್ವಿಚ್ಚು ಸೊಟ್ಟ ಐತೆ. ನೀನಾಗಿದ್ರೆ ಸೊಟ್ಟ ಕೂರಿಸ್ತಿರ್ಲಿಲ್ಲ."

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟ.

"ದೇವಾ, ಒಂದು ಕೇಳ್ತೀನಿ. ಅವತ್ತು ನೀನು ಕೂಗಕ್ಕೆ ಮುಂಚೆ, ಮ್ಯಾಲಿಂದ ನಾನೊಂದು ಮಾತಂದೆ. ನಿಂಗೆ ಕೇಳಿಸ್ತೇನ್ಲಾ?"

ಭವ್ಯಾ ಸೌಟು ಹಿಡಿದು ಗಂಡನನ್ನೇ ನೋಡಿದಳು. ಅವನು ಗೋಲಿಗಾತ್ರದ ಮುದ್ದೆಯೊಂದನ್ನು ಸಾರಿಗೆ ಅದ್ದಿದ, ಜಾರಿತು, ಮತ್ತೆ ಹಿಡಿದ.

"ಇಲ್ಲಪ್ಪ. ದೇವಾ ಅಂದಿದ್ದು ಕೇಳಿಸ್ತು, ಆಮೇಲಿಂದು ಬಾವಿ ಒಳಗೆ ಕೇಳಿಸ್ಲಿಲ್ಲ. ಏನಂದೆ?"

ಚಿಕ್ಕಬೀರಯ್ಯ ಬಾಯಿ ತೆರೆದ. ಸೊಸೆಯನ್ನು ನೋಡಿದ, ಮೊಮ್ಮಗಳನ್ನು ನೋಡಿದ, ತಟ್ಟೆ ನೋಡಿಕೊಂಡ.

"ಏನಿಲ್ಲ," ಎಂದ. "ಹೋಗ್ಲಿ ಬಿಡು."